ಯಾರೂ ಬಿಟ್ಟು ಹೋಗಬೇಕಿಲ್ಲದ ಶಾಲೆ

ಸೆಪ್ಟೆಂಬರ್ ಕೊನೆಯ ವಾರ, ಸಂಜೆ ಆರೂವರೆ. ಮಕ್ಕಳು ಮನೆಗೆ ಹೋಗಿ ಮೂರು ಗಂಟೆ ಕಳೆದಿತ್ತು. ಆದರೂ ಶಾಲೆಯ ಗೇಟಿನೊಳಗೆ ಜನ ಬರುತ್ತಲೇ ಇದ್ದರು. ಒಬ್ಬರ ಕೈಯಲ್ಲಿ ಬಣ್ಣದ ಡಬ್ಬಿ. ಇನ್ನೊಬ್ಬರ ಹೆಗಲಿಗೆ ಸುತ್ತಿಟ್ಟ ಚಾಪೆ. ಕೋಲೂರಿಕೊಂಡು ನಿಧಾನವಾಗಿ ಬರುತ್ತಿದ್ದ ಅಜ್ಜಿಯೊಬ್ಬರ ಬಗಲಲ್ಲಿ ಒಂದು ನೋಟ್‌ಬುಕ್. ಒಳಗೆ ಒಂದೊಂದೇ ಕೋಣೆಯ ದೀಪ ಹತ್ತುತ್ತಿತ್ತು. ನಾನು ಬಾಗಿಲ ಪಕ್ಕ ನಿಂತು ಸುಮ್ನೆ ನೋಡುತ್ತಿದ್ದೆ.

ಅರಸೀಕೆರೆ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ನಾನು 34 ವರ್ಷ ಪಾಠ ಮಾಡಿದವಳು. ಕೊನೆಯ ಒಂಬತ್ತು ವರ್ಷ ಹೆಡ್‌ಮಿಸ್. ಸಾಯಂಕಾಲ ನಾಲ್ಕೂವರೆಗೆ ಬೀಗ ಹಾಕಿ, ಒಂದು ಸಲ ಎಳೆದು ನೋಡಿ, ಬೀಗದ ಕೈ ಬ್ಯಾಗಿಗೆ ಹಾಕಿಕೊಳ್ಳುವುದು ನನ್ನ ದಿನದ ಕೊನೆಯ ಕೆಲಸ. ಕತ್ತಲಾದ ಮೇಲೆ ಶಾಲೆಯಲ್ಲಿ ದೀಪ ಉರಿಯುವುದನ್ನು ನಾನು ನೋಡಿದ್ದು ಚುನಾವಣೆಯ ಹಿಂದಿನ ರಾತ್ರಿ ಮಾತ್ರ. ಹಾಗಾಗಿ ಆ ದೀಪಗಳು ನನ್ನನ್ನು ಅಲ್ಲೇ ಹಿಡಿದು ನಿಲ್ಲಿಸಿದವು.

ಊರಿನ ಹೆಸರು ಇಂಪಿಂಗ್ಟನ್. ಇಂಗ್ಲೆಂಡಿನ ಕೇಂಬ್ರಿಡ್ಜಿನ ಉತ್ತರಕ್ಕೆ, ನಗರಕ್ಕೆ ಅಂಟಿಕೊಂಡ ಹಾಗೇ ಇರುವ ಹಳ್ಳಿ. ಶಾಲೆಯ ಹೆಸರು ಇಂಪಿಂಗ್ಟನ್ ವಿಲೇಜ್ ಕಾಲೇಜ್. ಕಾಲೇಜ್ ಅಂದರೂ ಅದು ಹನ್ನೊಂದು ವರ್ಷದಿಂದ ಮೇಲಿನ ಮಕ್ಕಳ ಶಾಲೆ. ಸಂಜೆ ದೊಡ್ಡವರ ತರಗತಿಗಳು. ಮಗಳು ಅಲ್ಲಿ ವಾರಕ್ಕೊಂದು ಸಂಜೆ ಮಣ್ಣಿನ ಪಾತ್ರೆ ಮಾಡುವುದನ್ನು ಕಲಿಯಲು ಸೇರಿದ್ದಳು. "ಅಮ್ಮ, ಮನೆಯಲ್ಲಿ ಒಬ್ಬಳೇ ಕೂತು ಏನು ಮಾಡ್ತೀಯ, ನೀನೂ ಬಾ" ಅಂದಳು. ಹಾಗೆ ಹೋದದ್ದು. ಆರು ವಾರದ ಪ್ರವಾಸದಲ್ಲಿ ನನಗೆ ಉಳಿದದ್ದು ಆ ಸಂಜೆಯೇ.

ಕೇಂಬ್ರಿಡ್ಜಿನಲ್ಲಿ ಎಲ್ಲರೂ ನೋಡುವುದನ್ನೆಲ್ಲ ನಾವೂ ನೋಡಿದೆವು. ಕಿಂಗ್ಸ್ ಕಾಲೇಜಿನ ಚಾಪೆಲ್ ಚಾವಣಿಯ ಕಲ್ಲಿನ ಕೆಲಸ ನಿಜಕ್ಕೂ ದೊಡ್ಡದು. ಕ್ಯಾಮ್ ನದಿಯಲ್ಲಿ ದೋಣಿ ಹತ್ತಲು ಕೇಳುವ ದುಡ್ಡು ಜಾಸ್ತಿ. ದಡದಲ್ಲಿ ನಡೆದರೆ ಅದೇ ನೋಟ ಬಿಟ್ಟಿಯಾಗಿ ಸಿಗುತ್ತದೆ. ಚಹಾ ನನಗೆ ಹಿಡಿಸಲಿಲ್ಲ. ಬಿಸಿನೀರಿನಲ್ಲಿ ಒಂದು ಪೊಟ್ಟಣ ಮುಳುಗಿಸಿ ಅದರ ಮೇಲೆ ತಣ್ಣನೆ ಹಾಲು ಹಾಕಿದರೆ ಚಹಾ ಆಗುವುದಿಲ್ಲ. ಸ್ಕೋನ್ ಮಾತ್ರ ಒಪ್ಪಿದೆ. ಜಾಮ್ ಹಚ್ಚಿಕೊಂಡು ಮೂರು ತಿಂದೆ.

ಆ ಜಾಮಿನಿಂದಲೇ ಇಂಪಿಂಗ್ಟನ್ ಕಥೆಯೂ ಶುರುವಾಗುತ್ತದೆ. ಕೇಂಬ್ರಿಡ್ಜಿನಿಂದ ನಾವು ಹತ್ತಿದ ಬಸ್ಸು ರಸ್ತೆಯ ಮೇಲೆ ಹೋಗಲಿಲ್ಲ. ಹಳೆಯ ರೈಲು ಹಳಿ ತೆಗೆದು, ಅದೇ ಜಾಗದಲ್ಲಿ ಸಿಮೆಂಟಿನ ಎರಡು ಪಟ್ಟಿ ಹಾಕಿದ್ದಾರೆ. ಬಸ್ಸಿನ ಪಕ್ಕಕ್ಕೆ ಪುಟ್ಟ ಚಕ್ರಗಳಿವೆ. ಅವು ಅಂಚನ್ನು ಒತ್ತಿ ಹಿಡಿದುಕೊಂಡು ಬಸ್ಸನ್ನು ನೆಟ್ಟಗೆ ಒಯ್ಯುತ್ತವೆ. ಆ ದಾರಿಯಲ್ಲಿ ಡ್ರೈವರ್ ಸ್ಟೀರಿಂಗ್ ತಿರುಗಿಸಬೇಕಿಲ್ಲ. 2011ರಿಂದ ಹೀಗೆ ಓಡುತ್ತಿದೆಯಂತೆ. ಹಿಸ್ಟನ್ ಮತ್ತು ಇಂಪಿಂಗ್ಟನ್ ಎರಡಕ್ಕೂ ಒಂದೇ ನಿಲ್ದಾಣ. ರೈಲಿದ್ದ ಕಾಲದಲ್ಲಿ ಅಲ್ಲೇ ಚಿವರ್ಸ್ ಮನೆತನದ ಜಾಮ್ ಫ್ಯಾಕ್ಟರಿ ಇತ್ತು. ಸುತ್ತಲಿನ ತೋಟಗಳ ಹಣ್ಣೆಲ್ಲ ಅಲ್ಲಿ ಬೆಂದು ಬಾಟಲಿ ಸೇರಿ ದೇಶಕ್ಕೆಲ್ಲ ಹೋಗುತ್ತಿತ್ತು. ಈ ಶಾಲೆಗೆ ಜಾಗ ಕೊಟ್ಟವರೂ ಅವರೇ.

ನಿಲ್ದಾಣದಿಂದ ಶಾಲೆಗೆ ನಡೆದೇ ಹೋದೆವು. ಗೇಟು ದಾಟಿದ ಕೂಡಲೇ ಕಟ್ಟಡ ಕಾಣಲಿಲ್ಲ, ಮರಗಳು ಕಂಡವು. ಹಳೆಯ ದೊಡ್ಡ ಮರಗಳು. ಅವನ್ನು ಉಳಿಸಿಕೊಂಡೇ ಕಟ್ಟಡ ಎಬ್ಬಿಸಿದ್ದಾರೆ ಅನ್ನುವುದು ನೋಡಿದರೆ ತಿಳಿಯುತ್ತದೆ. ಮರಗಳ ಹಿಂದೆ ಹಳದಿ ಇಟ್ಟಿಗೆಯ ತಗ್ಗು ಕಟ್ಟಡ. ಒಂದು ಕಡೆಯ ಭಾಗ ಸ್ವಲ್ಪ ಬಾಗಿದೆ, ಅದರಲ್ಲಿ ಹೊರಕ್ಕೆ ಚಾಚಿದ ದೊಡ್ಡ ಕಿಟಕಿಗಳು. ಅದು ದೊಡ್ಡವರಿಗೆಂದು ಕಟ್ಟಿದ ಭಾಗ. ನಡುವೆ ಬೀಸಣಿಗೆಯಂತೆ ಅಗಲವಾಗುವ ಸಭಾಂಗಣ. ಇನ್ನೊಂದು ಕಡೆ ಮಕ್ಕಳ ತರಗತಿಗಳ ಸಾಲು. ಒಂದೊಂದು ಕೋಣೆಯ ಹೊರಗೋಡೆಯೂ ಪೂರ್ತಿ ಗಾಜು. ತೆರೆದರೆ ಹುಲ್ಲಿನ ಮೇಲೆ ಕಾಲಿಡಬಹುದು. ಕಾಂಪೌಂಡಿಲ್ಲದ ಶಾಲೆಯಲ್ಲಿ ಮಕ್ಕಳ ಕಣ್ಣು ಹೊರಗೆ ಹೋಗದಿರಲಿ ಎಂದು ಕಿಟಕಿಯ ಕೆಳಗಿನ ಬಾಗಿಲು ಮುಚ್ಚಿಸಿದವಳು ನಾನು. ಇಲ್ಲಿ ಬೇಕೆಂದೇ ಹೊರಗಿನದನ್ನು ಒಳಗೆ ಕರೆದಿದ್ದಾರೆ.

ನೋಡಲು ನಿನ್ನೆ ಮೊನ್ನೆ ಕಟ್ಟಿದ ಹಾಗಿದೆ. ಬಾಗಿಲು ತೆರೆದದ್ದು 1939ರಲ್ಲಿ. ನಕ್ಷೆ ಮಾಡಿದವರು ವಾಲ್ಟರ್ ಗ್ರೋಪಿಯಸ್, ಜೊತೆಗೆ ಮ್ಯಾಕ್ಸ್‌ವೆಲ್ ಫ್ರೈ. ಗ್ರೋಪಿಯಸ್ ಅಂದರೆ ಜರ್ಮನಿಯಲ್ಲಿ ಬೌಹೌಸ್ ಎಂಬ ಕಲೆ ಮತ್ತು ವಿನ್ಯಾಸದ ಶಾಲೆ ಕಟ್ಟಿದವರು. ಹಿಟ್ಲರನ ಕಾಲದಲ್ಲಿ, 1934ರಲ್ಲಿ ದೇಶ ಬಿಟ್ಟು ಲಂಡನ್ನಿಗೆ ಬಂದರು. ಜಗತ್ತಿಗೇ ಹೆಸರಾದ ಅವರು ಇಂಗ್ಲೆಂಡಿನಲ್ಲಿ ಕಟ್ಟಿದ್ದು ಬೆರಳೆಣಿಕೆಯಷ್ಟು. ಅದರಲ್ಲಿ ಒಂದು ಹಳ್ಳಿಯ ಮಕ್ಕಳಿಗೆ!

ಮಗಳು ಮಣ್ಣು ಕಲಸಲು ಹೋದಳು. ನಾನು ಬಾಗಿಲ ಬಳಿಯ ಬೆಂಚಿನಲ್ಲಿ ಕೂತೆ. ಕೋಲೂರಿಕೊಂಡು ಬಂದಿದ್ದ ಅಜ್ಜಿ ಪಕ್ಕದಲ್ಲಿ ಬಂದು ಕೂತರು. ಅವರ ಚಿತ್ರ ಬರೆಯುವ ತರಗತಿಗೆ ಇನ್ನೂ ಅರ್ಧ ಗಂಟೆ ಇತ್ತು. ನನ್ನ ಸೀರೆ ನೋಡಿ ಮಾತಿಗೆ ಶುರು ಮಾಡಿದರು. ನಾನು ಟೀಚರ್ ಆಗಿದ್ದೆ ಅಂದ ಮೇಲೆ ಸೀರೆಯ ವಿಷಯ ಮತ್ತೆ ಬರಲಿಲ್ಲ.

ಅವರಿಗೆ 86 ವರ್ಷ. ಹನ್ನೊಂದು ತುಂಬಿದಾಗ ಇದೇ ಶಾಲೆಗೆ ಸೇರಿದ್ದರಂತೆ. ಯುದ್ಧ ಮುಗಿದು ಕೆಲವು ವರ್ಷವಾಗಿತ್ತು, ಸಕ್ಕರೆಗೆ ಇನ್ನೂ ರೇಷನ್ ಇತ್ತು.

"ಶಾಲೆಯ ಮೊದಲ ದಿನದ್ದು ಏನು ನೆನಪಿದೆ?" ಎಂದು ಕೇಳಿದೆ.

"ನನ್ನ ಮೊದಲ ದಿನ ಅಷ್ಟು ನೆನಪಿಲ್ಲ" ಅಂದರು. "ಅಮ್ಮನ ಮೊದಲ ದಿನ ಚೆನ್ನಾಗಿ ನೆನಪಿದೆ."

ನನಗೆ ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು. ಅವರ ತಾಯಿ ಹದಿನಾಲ್ಕಕ್ಕೆ ಶಾಲೆ ಬಿಟ್ಟವರು. ಆಗಿನ ಕಾನೂನು ಅಷ್ಟೇ ಕೇಳುತ್ತಿತ್ತು. ಹಣ್ಣಿನ ಕಾಲದಲ್ಲಿ ಜಾಮ್ ಫ್ಯಾಕ್ಟರಿ, ಉಳಿದ ಕಾಲದಲ್ಲಿ ಮನೆಗೆಲಸ. ಮಗಳು ಈ ಶಾಲೆ ಸೇರಿದ ಚಳಿಗಾಲದಲ್ಲಿ ಇಲ್ಲಿ ಹೊಲಿಗೆಯ ಸಂಜೆ ತರಗತಿ ಇದೆ ಅಂತ ಗೊತ್ತಾಯಿತು. ತಾಯಿ ಹೆಸರು ಬರೆಸಿದರು. ಬಾಗಿಲವರೆಗೂ ಬಂದರು. ಬಂದವರು ಒಳಗೆ ಕಾಲಿಡಲಿಲ್ಲ.

"ಅವರಿಗೆ ಶಾಲೆ ಅಂದರೆ ಬೆತ್ತ" ಅಂದರು ಅಜ್ಜಿ. "ಹೊರಗೆ ಚಳಿಯಲ್ಲಿ ನಿಂತೇ ಇದ್ದರು. ನಾನು ಕೈ ಹಿಡಿದು ಕರೆದುಕೊಂಡು ಬಂದೆ. ಇದೇ ಬಾಗಿಲು. ಈ ಉದ್ದ ಮೊಗಸಾಲೆಯಲ್ಲಿ ನಡೆಸಿಕೊಂಡು ಹೋಗಿ, ಇದು ನನ್ನ ತರಗತಿ, ಇದು ನಾನು ಕೂರುವ ಜಾಗ ಅಂತ ತೋರಿಸಿದೆ. ಅಮ್ಮ ಆ ಜಾಗದಲ್ಲಿ ಕೂತು ನೋಡಿದರು. ಹನ್ನೊಂದು ವರ್ಷದವಳು ನಾನು. ಆವತ್ತು ಅಮ್ಮನಿಗೆ ನಾನೇ ದೊಡ್ಡವಳು."

ನಾನು ಮಾತಾಡಲಿಲ್ಲ. ನನ್ನ ಶಾಲೆಗೆ ತಾಯಂದಿರು ಬರುತ್ತಿದ್ದದ್ದು ನನ್ನ ಕಣ್ಣ ಮುಂದೆ ಬಂತು. ಟಿ.ಸಿ. ಕೇಳಲು ಬರುತ್ತಿದ್ದರು. ಸೈಕಲ್ ಬಂದಿದೆಯಾ, ಯೂನಿಫಾರಂ ಬಂದಿದೆಯಾ ಎಂದು ಕೇಳಲು ಬರುತ್ತಿದ್ದರು. ಚಪ್ಪಲಿ ಹೊರಗೆ ಬಿಟ್ಟು, ಸೆರಗು ಎಳೆದುಕೊಂಡು, ಬಾಗಿಲ ಚೌಕಟ್ಟು ಹಿಡಿದು ನಿಲ್ಲುತ್ತಿದ್ದರು. "ಒಳಗೆ ಬನ್ನಿ" ಅಂದರೆ "ಇರ್ಲಿ ಮೇಡಂ, ಇಲ್ಲೇ ಹೇಳ್ತೀನಿ" ಅನ್ನುತ್ತಿದ್ದರು. 34 ವರ್ಷದಲ್ಲಿ ಒಬ್ಬ ತಾಯಿಯನ್ನೂ ನಾನು ಅವಳ ಮಗು ಕೂರುವ ಜಾಗದಲ್ಲಿ ಕೂರಿಸಲಿಲ್ಲ. ಅದು ನನಗೆ ಹೊಳೆದೇ ಇರಲಿಲ್ಲ.

"ಹಾಗಾದರೆ ನಿಮ್ಮ ಮನೆಯವರೆಲ್ಲ ಇಲ್ಲೇ ಕಲಿತರು ಅನ್ನಿ" ಅಂದೆ.

"ತಮ್ಮನೊಬ್ಬ ಇದ್ದ. ಆಗ ನಾಲ್ಕು ವರ್ಷ. ಅವನನ್ನು ಅಜ್ಜಿಯ ಹತ್ತಿರ ಬಿಟ್ಟು ಬರುತ್ತಿದ್ದೆವು. ನಮ್ಮ ಹಿಂದೆ ಅಳುತ್ತಾ ಗೇಟಿನವರೆಗೂ ಬರುತ್ತಿದ್ದ. ಅವನಿಗೆ ಇಲ್ಲಿ ಜಾಗ ಇರಲಿಲ್ಲ." ಸ್ವಲ್ಪ ಸುಮ್ಮನಿದ್ದು ಸೇರಿಸಿದರು: "ಹೆನ್ರಿ ಮಾರಿಸ್ ಬರೆದ ಯೋಜನೆಯಲ್ಲಿ ಅವನೂ ಇದ್ದ. ನನಗೆ ಅದು ಗೊತ್ತಾದದ್ದು ಬಹಳ ವರ್ಷದ ಮೇಲೆ."

ಹೆನ್ರಿ ಮಾರಿಸ್ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು. ಅಜ್ಜಿ ಆ ಯೋಜನೆಯ ಒಂದು ಸಾಲಿನ ಸಾರ ಹೇಳಿದರು. ಶಾಲೆ ಬಿಡುವುದು ಅಂತ ಒಂದು ಇರುವುದೇ ಇಲ್ಲ. ಮಗು ಮೂರು ವರ್ಷಕ್ಕೆ ಒಳಗೆ ಬರುತ್ತದೆ, ತೀರಾ ಮುಪ್ಪಾದಾಗ ಹೊರಗೆ ಹೋಗುತ್ತದೆ. ಎರಡು ಸಲ ಹೇಳಿಸಿಕೊಂಡೆ. ಅಷ್ಟರಲ್ಲಿ ಅವರ ತರಗತಿಯ ಹೊತ್ತಾಯಿತು. ಎದ್ದು ಕೋಲು ಸರಿಮಾಡಿಕೊಂಡು, ಆ ಮೊಗಸಾಲೆಯ ಉದ್ದಕ್ಕೆ ನಡೆದು ಹೋದರು. ಒಂದು ಪಕ್ಕಕ್ಕೆ ಗಾಜು. ಹೊರಗೆ ಹುಲ್ಲಿನ ಮೇಲೆ ಇನ್ನೂ ಸ್ವಲ್ಪ ಬೆಳಕು ಉಳಿದಿತ್ತು.

ಮನೆಗೆ ಬಂದ ಮೇಲೆ ಮಗಳು ಆ ಯೋಜನೆಯನ್ನು ಹುಡುಕಿ ಮುದ್ರಿಸಿ ಕೊಟ್ಟಳು. ಮೂರು ದಿನ ಅದನ್ನೇ ಓದಿದೆ. ಆ ಮೂರು ದಿನದಲ್ಲಿ ಅಳಿಯ ನಮ್ಮನ್ನು ಎಲ್ಲೆಲ್ಲಿಗೋ ಕರೆದುಕೊಂಡು ಹೋದರು. ಅದಾವುದೂ ನನಗೆ ಸರಿಯಾಗಿ ನೆನಪಿಲ್ಲ.

ಮಾರಿಸ್ ಹುಟ್ಟಿದ್ದು 1889ರಲ್ಲಿ, ಸೌತ್‌ಪೋರ್ಟ್ ಎಂಬ ಊರಿನಲ್ಲಿ. ತಂದೆ ಪ್ಲಂಬರ್. ಹುಡುಗ ಹದಿನಾಲ್ಕಕ್ಕೆ ಶಾಲೆ ಬಿಟ್ಟು ಪತ್ರಿಕಾ ಕಚೇರಿಯಲ್ಲಿ ಕೆಲಸಕ್ಕೆ ಸೇರಿದ. ಆಮೇಲೆ ಕಷ್ಟಪಟ್ಟು ಓದಿ ವಿಶ್ವವಿದ್ಯಾಲಯ ಸೇರಿದ, ಮೊದಲ ಮಹಾಯುದ್ಧಕ್ಕೆ ಹೋಗಿ ಬಂದ, ಕೇಂಬ್ರಿಡ್ಜಿನಲ್ಲಿ ಓದು ಮುಗಿಸಿದ. 1922ರಲ್ಲಿ ಕೇಂಬ್ರಿಡ್ಜ್‌ಶೈರ್ ಕೌಂಟಿಯ, ಅಂದರೆ ನಮ್ಮ ಜಿಲ್ಲೆಯ ಹಾಗಿನ ಒಂದು ಆಡಳಿತ ಪ್ರದೇಶದ, ಶಿಕ್ಷಣದ ಮುಖ್ಯ ಅಧಿಕಾರಿಯಾದರು. 1954ರವರೆಗೂ ಅದೇ ಕುರ್ಚಿ. ಹದಿನಾಲ್ಕಕ್ಕೆ ಶಾಲೆ ಬಿಟ್ಟವರೇ ಯಾರೂ ಬಿಟ್ಟು ಹೋಗಬೇಕಿಲ್ಲದ ಶಾಲೆಯ ಬಗ್ಗೆ ಬರೆದರು. ಅದು 1924ರ ಡಿಸೆಂಬರ್.

ಆಗ ಆ ಹಳ್ಳಿಗಳ ಸ್ಥಿತಿ ಹೇಗಿತ್ತು? ಊರಿಗೊಂದು ಪುಟ್ಟ ಶಾಲೆ, ಅದರಲ್ಲಿ ಬಹಳಷ್ಟು ಚರ್ಚಿನವು. ಐದು ವರ್ಷದವರಿಂದ ಹದಿನಾಲ್ಕರವರೆಗೆ ಎಲ್ಲರೂ ಒಂದೆರಡು ಕೋಣೆಯಲ್ಲಿ. ಏಳು ತರಗತಿಗೆ ಇಬ್ಬರೇ ಟೀಚರ್ ಇದ್ದ ಶಾಲೆಯಲ್ಲಿ ನಾನು ಪಾಠ ಮಾಡಿದ್ದೇನೆ, ಹಾಗಾಗಿ ಈ ಭಾಗವನ್ನು ನನಗೆ ಯಾರೂ ವಿವರಿಸಬೇಕಿಲ್ಲ. ಒಂದು ತರಗತಿಗೆ ಕಾಪಿ ಬರೆಯಲು ಕೊಟ್ಟು ಇನ್ನೊಂದಕ್ಕೆ ಲೆಕ್ಕ ಹೇಳಬೇಕು. ಚುರುಕಾದ ಮಕ್ಕಳು ಪಟ್ಟಣದ ಶಾಲೆಗೆ ಹೋಗುತ್ತಿದ್ದರು, ಹೋದವರು ಊರಿಗೆ ಮರಳುತ್ತಿರಲಿಲ್ಲ. ಉಳಿದವರಿಗೆ ಹೊಲದ ಕೂಲಿ. ಊರು ಬರಿದಾಗುತ್ತಿತ್ತು.

ಮಾರಿಸ್ ಹೇಳಿದ್ದು ಇಷ್ಟು. ಒಂದು ದೊಡ್ಡ ಹಳ್ಳಿ ಆರಿಸಿಕೊಳ್ಳೋಣ. ಸುತ್ತಲಿನ ಹಳ್ಳಿಗಳಿಗೆಲ್ಲ ಸೇರಿ ಅಲ್ಲೊಂದು ವಿಲೇಜ್ ಕಾಲೇಜ್ ಕಟ್ಟೋಣ. ಊರಿನಲ್ಲಿ ಬಿಡಿಬಿಡಿಯಾಗಿ ಇರುವುದೆಲ್ಲ ಅಲ್ಲಿ ಒಂದೇ ಸೂರಿನಡಿ ಬರಲಿ. ಶಾಲೆ, ಊರಿನ ಸಭಾಂಗಣ, ಓದುವ ಕೋಣೆ, ಕೌಂಟಿಯ ಲೈಬ್ರರಿ ಶಾಖೆ, ಸಂಜೆ ತರಗತಿ, ಬೇಸಾಯದ ಪಾಠ, ಮಹಿಳೆಯರ ಸಂಘ, ಸ್ಕೌಟು, ಆಟದ ಬಯಲು ಎಲ್ಲವೂ. ಹಾಗೆ ಮಾಡಿದರೆ ಕಲಿಯುವುದು ಬೇರೆ, ಬದುಕುವುದು ಬೇರೆ ಅನ್ನುವ ಗೋಡೆ ಬೀಳುತ್ತದೆ. ಊರಿನವರು ತಮ್ಮ ಊರನ್ನು ತಾವೇ ನಡೆಸುವುದನ್ನು ಅಲ್ಲೇ ಕಲಿಯುತ್ತಾರೆ. ಇಂಥವು ಕೌಂಟಿಗೆ ಸುಮಾರು ಹತ್ತು ಬೇಕು ಅಂದರು. ಅದು ಬಡ ಕೌಂಟಿ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಹೇಗಿದ್ದರೂ ಇದಕ್ಕೆಲ್ಲ ಬೇರೆಬೇರೆ ಕಡೆ ಖರ್ಚು ಮಾಡಲೇಬೇಕು, ಒಂದೇ ಕಡೆ ಮಾಡೋಣ ಎನ್ನುವುದು ಅವರ ಲೆಕ್ಕ. ಮೂವತ್ತು ವರ್ಷದ ಕೆಳಗೆ ಈ ಪುಟಗಳು ನನ್ನ ಕೈಗೆ ಬಂದಿದ್ದರೆ ಅಂತ ಎಷ್ಟೋ ಸಲ ಅನ್ನಿಸಿತು.

ಹತ್ತರಲ್ಲಿ ಎರಡನೇ ಮಹಾಯುದ್ಧಕ್ಕೆ ಮುಂಚೆ ಎದ್ದು ನಿಂತವು ನಾಲ್ಕೇ. 1930ರಲ್ಲಿ ಸಾಸ್ಟನ್, 1937ರಲ್ಲಿ ಬಾಟಿಷಮ್ ಮತ್ತು ಲಿಂಟನ್, 1939ರಲ್ಲಿ ಇಂಪಿಂಗ್ಟನ್. ನಡುವೆ ಜಗತ್ತಿನ ಹಣಕಾಸು ಕುಸಿದಿತ್ತು, ಆಮೇಲೆ ಯುದ್ಧ ಬಂತು. ಯುದ್ಧದ ನಂತರ ಮತ್ತಷ್ಟು ಕಟ್ಟಿದರು, ಮೊದಲನೆಯದು 1954ರಲ್ಲಿ ಬ್ಯಾಸಿಂಗ್‌ಬೋರ್ನ್‌ನಲ್ಲಿ. ಆದರೆ ಮೂರು ವರ್ಷದ ಕೂಸು ಬರುವ ಬಾಗಿಲು ಈ ನಾಲ್ಕರಲ್ಲೂ ಆಗಲಿಲ್ಲ. ಹನ್ನೊಂದು ತುಂಬಿದ ಮಕ್ಕಳಿಗೆ ಶಾಲೆ, ಸಂಜೆ ದೊಡ್ಡವರಿಗೆ ತರಗತಿ. ನಡು ಬಂತು, ಕೊನೆ ಸ್ವಲ್ಪ ಬಂತು, ಮೊದಲು ಬರಲಿಲ್ಲ.

ನಮ್ಮ ಶಾಲೆಯ ಆವರಣದಲ್ಲೇ ಅಂಗನವಾಡಿ ಇತ್ತು. ಅದು ಒಂದು ಇಲಾಖೆ, ನಾವು ಇನ್ನೊಂದು. ನಡುವೆ ಒಂದು ತಂತಿ ಬೇಲಿ. ಅಲ್ಲಿನ ಕೂಸುಗಳು ಬೇಲಿ ಹಿಡಿದು ಒಂದನೇ ತರಗತಿಯಲ್ಲಿದ್ದ ಅಕ್ಕಂದಿರನ್ನು ಕೂಗುತ್ತಿದ್ದವು. ಆ ಅಜ್ಜಿಯ ತಮ್ಮನ ಬಗ್ಗೆ ಓದುವಾಗಲೆಲ್ಲ ಯೋಚಿಸಿದೆ. ನಾಲ್ಕೂ ನೋಡಬೇಕು ಎಂದು ಹಟ ಹಿಡಿದೆ.

ಹಟ ಪೂರ್ತಿ ನಡೆಯಲಿಲ್ಲ. ಒಂದು ಮಧ್ಯಾಹ್ನ ಬಾಟಿಷಮ್ ಕಡೆಗೆ ಹೊರಟೆವು. ನಿಲ್ದಾಣದ ಕಂಬಕ್ಕೆ ಅಂಟಿಸಿದ್ದ ವೇಳಾಪಟ್ಟಿಯಲ್ಲಿ ಬಸ್ಸಿನ ಹೊತ್ತು ಸ್ಪಷ್ಟವಾಗಿ ಇತ್ತು. ಬಸ್ಸು ಬರಲಿಲ್ಲ. ಅದರ ಮುಂದಿನದೂ ಬರಲಿಲ್ಲ. ಒಂದು ಗಂಟೆ ಹತ್ತು ನಿಮಿಷ ಗಾಳಿಯಲ್ಲಿ ನಿಂತೆವು. ಕೊನೆಗೆ ನಾಯಿ ಹಿಡಿದುಕೊಂಡು ಬಂದ ಒಬ್ಬರು, ಆ ಹಾಳೆ ಹಳೆಯದು, ಹೊತ್ತು ಬದಲಾಗಿ ತಿಂಗಳಾಯಿತು ಅಂದರು. ಮಗಳು ಅರ್ಧ ದಿನ ರಜೆ ಹಾಕಿದ್ದಳು. ನನಗೆ ಆ ಕೋಪ ಇನ್ನೂ ಹೋಗಿಲ್ಲ. ನೀವು ಹೋಗುವುದಾದರೆ ಕಂಬದ ಹಾಳೆ ನಂಬಬೇಡಿ. ಹೊರಡುವ ದಿನ ಬೆಳಗ್ಗೆ ಫೋನಿನಲ್ಲಿ ನೋಡಿಕೊಳ್ಳಿ. ಹಳ್ಳಿಗಳಿಂದ ವಾಪಸ್ ಬರುವ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಅನ್ನುವುದನ್ನು ಮೊದಲೇ ಬರೆದಿಟ್ಟುಕೊಳ್ಳಿ. ಕಿವಿ ಮುಚ್ಚುವ ಟೋಪಿ ಸೆಪ್ಟೆಂಬರಿನಲ್ಲೂ ಬೇಕು. ಇನ್ನೊಂದು ಮಾತು. ಇವೆಲ್ಲ ನಡೆಯುತ್ತಿರುವ ಶಾಲೆಗಳು. ಹಗಲು ಮಕ್ಕಳಿರುವಾಗ ಒಳಗೆ ಹೋಗಿ ಫೋಟೋ ತೆಗೆಯುವುದು ಸರಿಯಲ್ಲ. ಮುಂಚೆಯೇ ಪತ್ರ ಬರೆದು ಅನುಮತಿ ಕೇಳಿ, ಇಲ್ಲವೇ ಸಂಜೆ ತರಗತಿಗೆ ಹೋಗುವವರ ಜೊತೆ ಹೋಗಿ. ನನ್ನ ಮಟ್ಟಿಗೆ ಎರಡನೆಯದೇ ಒಳ್ಳೆಯದು. ಈ ಕಟ್ಟಡಗಳನ್ನು ಕಟ್ಟಿದ್ದೇ ಅದಕ್ಕೆ.

ಸಾಸ್ಟನ್ ನೋಡಿದೆವು, ಹೊರಗಿನಿಂದ. ಮೊಟ್ಟಮೊದಲ ವಿಲೇಜ್ ಕಾಲೇಜ್ ಅದು. ಆಗ ಯುವರಾಜರಾಗಿದ್ದ ಪ್ರಿನ್ಸ್ ಆಫ್ ವೇಲ್ಸ್ ಬಂದು 1930ರಲ್ಲಿ ತೆರೆದರು. ಕೆಂಪು ಇಟ್ಟಿಗೆ, ಸಾಲಾಗಿ ಕಿಟಕಿ, ನಡುವೆ ಅಂಗಳ. ಗಂಭೀರವಾಗಿದೆ, ಗಟ್ಟಿಯಾಗಿದೆ. ಆದರೆ ನನ್ನ ಮನಸ್ಸು ಇಂಪಿಂಗ್ಟನ್ ಕಡೆಗೇ. ಸಾಸ್ಟನ್ ನೋಡಿದರೆ ಬೆನ್ನು ನೆಟ್ಟಗೆ ಮಾಡಿಕೊಳ್ಳಬೇಕು ಅನ್ನಿಸುತ್ತದೆ. ಇಂಪಿಂಗ್ಟನ್ನಿನಲ್ಲಿ ಹೆದರಿ ನಿಂತ ತಾಯಿಯನ್ನೂ ಮಗು ಕೈ ಹಿಡಿದು ಒಳಗೆ ಕರೆತರಬಹುದು. ಕಟ್ಟಡಕ್ಕೂ ಅದಕ್ಕೂ ಸಂಬಂಧ ಇದೆ ಅಂತಲೇ ನಾನು ನಂಬುತ್ತೇನೆ. ಮಾರಿಸರೂ ಹಾಗೇ ನಂಬಿದ್ದರು. ಹಳ್ಳಿಯ ಮಕ್ಕಳಿಗೆ ಅಂದವಾದದ್ದು ಯಾಕೆ ಎನ್ನುವವರ ಜೊತೆ ಅವರು ಜೀವನವಿಡೀ ಜಗಳವಾಡಿದರು. ಗ್ರೋಪಿಯಸರ ಸಂಭಾವನೆಯ ಹೊರೆ ಕೌಂಟಿ ಹೊರಲಿಲ್ಲ. ಸ್ನೇಹಿತರು ಸೇರಿ, ಜ್ಯಾಕ್ ಪ್ರಿಚರ್ಡ್ ಮುಂದೆ ನಿಂತು, ಪತ್ರ ಬರೆದು ಚಂದಾ ಎತ್ತಿದರು. ಕಟ್ಟಡ ಏಳುವ ಮುಂಚೆಯೇ, 1937ರಲ್ಲಿ ಗ್ರೋಪಿಯಸ್ ಅಮೆರಿಕಕ್ಕೆ ಹೊರಟು ಹೋದರು. ಫ್ರೈ ನಿಂತು ಕೆಲಸ ಮುಗಿಸಿದರು.

ಎರಡನೇ ವಾರ ಮಗಳ ಜೊತೆ ಮತ್ತೆ ಇಂಪಿಂಗ್ಟನ್ನಿಗೆ ಹೋದೆ. ಅಜ್ಜಿ ಬಂದಿದ್ದರು. ನಾನು ಓದಿದ್ದನ್ನೆಲ್ಲ ಹೇಳಿದೆ. "ಹಾಗಾದರೆ ಮೂರ್ತಿಯ ವಿಷಯವೂ ಗೊತ್ತಾಯಿತಾ?" ಎಂದು ಕೇಳಿದರು. ಗೊತ್ತಿರಲಿಲ್ಲ. ಕೈ ಹಿಡಿದು ಹೊರಗೆ ಕರೆದುಕೊಂಡು ಹೋಗಿ ಹುಲ್ಲುಹಾಸಿನ ಅಂಚಿನಲ್ಲಿ ನಿಲ್ಲಿಸಿದರು.

ಶಾಲೆಯ ನಕ್ಷೆ ನಡೆಯುತ್ತಿದ್ದಾಗಲೇ ಗ್ರೋಪಿಯಸ್ ಶಿಲ್ಪಿ ಹೆನ್ರಿ ಮೂರ್ ಅವರನ್ನು ಕೇಳಿದ್ದರು, ಇಲ್ಲಿಗೊಂದು ಮೂರ್ತಿ ಮಾಡಿಕೊಡಿ ಎಂದು. ಮಾರಿಸ್ ಅವರ ಜೊತೆ ಮೂರ್ ಮಾತಾಡಿದರು. ಮಕ್ಕಳೂ ದೊಡ್ಡವರೂ ಒಂದೇ ಸೂರಿನಡಿ ಎನ್ನುವ ಮಾತು ಅವರ ಮನಸ್ಸಿನಲ್ಲಿ ಕೂತಿತು. ಇಂಥ ಜಾಗಕ್ಕೆ ಒಂದು ಕುಟುಂಬವೇ ಸರಿ ಅನ್ನಿಸಿತು. ತಂದೆ, ತಾಯಿ, ಮಗು. ಆದರೆ ದುಡ್ಡು ಹೊಂದಲಿಲ್ಲ. ಯುದ್ಧ ಮುಗಿಯುವ ಹೊತ್ತಿಗೆ, 1944ರ ಸುಮಾರಿಗೆ, ಮಾರಿಸ್ ಮತ್ತೆ ಹೇಳಿ ಕಳಿಸಿದರು, ಈಗ ಹಣ ಹೊಂದಿಸಬಹುದು ಅಂತ. ಮೂರ್ ಪುಟಗಟ್ಟಲೆ ಚಿತ್ರ ಬರೆದರು. ಜೇಡಿಮಣ್ಣಿನಲ್ಲಿ ಸಣ್ಣ ಸಣ್ಣ ಮಾದರಿ ಮಾಡಿದರು. ಎರಡನೆಯ ಸಲವೂ ಅಧಿಕಾರಸ್ಥರು ಒಪ್ಪಲಿಲ್ಲ.

ಕೊನೆಗೆ ಪಕ್ಕದ ಹರ್ಟ್‌ಫರ್ಡ್‌ಶೈರಿನ ಶಿಕ್ಷಣಾಧಿಕಾರಿ ಜಾನ್ ನ್ಯೂಸಮ್ ಅದನ್ನು ತಮ್ಮ ಶಾಲೆಯೊಂದಕ್ಕೆ ತೆಗೆದುಕೊಂಡರು. ಸ್ಟೀವನೇಜ್ ಊರಿನ ಬಾರ್ಕ್ಲೇ ಶಾಲೆ. ಕಂಚಿನಲ್ಲಿ ಎರಕವಾಗಿ 1949ರ ಸುಮಾರಿಗೆ ಅಲ್ಲಿ ನಿಂತಿತು. ಮೂರ್ ಕಂಚಿನಲ್ಲಿ ಮಾಡಿದ ಮೊದಲ ದೊಡ್ಡ ಮೂರ್ತಿ ಅದು.

"ಎಲ್ಲಿ ನಿಲ್ಲಿಸುತ್ತಿದ್ದರೋ, ನನಗೆ ಗೊತ್ತಿಲ್ಲ" ಅಂದರು ಅಜ್ಜಿ. "ನಾನು ಮಾತ್ರ ಇಲ್ಲೇ ಅಂದುಕೊಂಡಿದ್ದೇನೆ. ಗೇಟಿನಿಂದ ಬರುವ ಮಗುವಿಗೆ ಕಾಣುವ ಹಾಗೆ."

ಫೋನಿನಲ್ಲಿ ಮೂರ್ತಿಯ ಚಿತ್ರ ನೋಡಿದೆವು. ತಂದೆ ತಾಯಿ ಒಂದೇ ಬೆಂಚಿನಲ್ಲಿ ಪಕ್ಕಪಕ್ಕ ಕೂತಿದ್ದಾರೆ. ಇಬ್ಬರ ಕೈಗಳ ನಡುವೆ ಕೂಸು. ಅವರಿಬ್ಬರನ್ನು ಗಂಟು ಹಾಕಿದ್ದೇ ಆ ಕೂಸು. ಅದನ್ನು ತೆಗೆದರೆ ಇಬ್ಬರೂ ಬೇರೆ ಬೇರೆ. ವಯಸ್ಸು ನೋಡಿದರೆ ಇನ್ನೂ ಸರಿಯಾಗಿ ನಡೆಯಲು ಬಾರದ ಮಗು. ಈ ಶಾಲೆಯಲ್ಲಿ ಯಾರಿಗೆ ಜಾಗ ಸಿಗಲಿಲ್ಲವೋ ಅವನೇ. ನಾನು ಅದನ್ನು ಅಜ್ಜಿಗೆ ಹೇಳಿದೆ. ಅವರು ತಲೆಯಾಡಿಸಿದರು. ಇಬ್ಬರೂ ಆ ಖಾಲಿ ಹುಲ್ಲಿನ ಕಡೆ ನೋಡುತ್ತಾ ನಿಂತೆವು. ಎಲೆ ಉದುರುತ್ತಿತ್ತು. ಸಭಾಂಗಣದಲ್ಲಿ ಯಾರೋ ಪಿಯಾನೊ ಅಭ್ಯಾಸ ಮಾಡುತ್ತಿದ್ದರು, ಒಂದೇ ಸಾಲನ್ನು ಮತ್ತೆ ಮತ್ತೆ.

"ತಮ್ಮ ಈಗ ಎಲ್ಲಿದ್ದಾರೆ?" ಎಂದು ಕೇಳಿದೆ.

"ಮೂರು ವರ್ಷವಾಯಿತು ಹೋಗಿ" ಅಂದರು. "ಅವನೂ ಹನ್ನೊಂದಕ್ಕೆ ಇಲ್ಲಿಗೇ ಸೇರಿದ. ಆಮೇಲೆ ಮುದಿ ವಯಸ್ಸಿನವರೆಗೂ ಬರುತ್ತಲೇ ಇದ್ದ. ಮರಗೆಲಸ ಕಲಿತ. ನನ್ನ ಮನೆಯ ಮೇಜು ಅವನು ಇಲ್ಲಿ ಮಾಡಿದ್ದು."

ಊರಿಗೆ ಹೊರಡುವ ಹಿಂದಿನ ಭಾನುವಾರ ಲಂಡನ್ನಿಗೆ ಹೋಗಿದ್ದೆವು. ಅದೇ ಅಚ್ಚಿನ ಇನ್ನೊಂದು ಮೂರ್ತಿ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ, ನ್ಯೂಯಾರ್ಕಿನ ಆಧುನಿಕ ಕಲೆಯ ಮ್ಯೂಸಿಯಮ್ಮಿನಲ್ಲೂ ಒಂದಿದೆ. ಹೋಗೋಣವೇ ಎಂದು ಮಗಳು ಕೇಳಿದಳು. ಬೇಡ ಅಂದೆ. ಶಾಲೆಗೆಂದು ಮಾಡಿದ್ದನ್ನು ಶಾಲೆಯಲ್ಲಿ ನೋಡಬೇಕು. ಸ್ಟೀವನೇಜಿನದು ಶಾಲೆಯ ಆವರಣದೊಳಗಿನದು, ಭಾನುವಾರ ಹೋಗಿ ನೋಡುವಂಥದ್ದಲ್ಲ. ಅದಕ್ಕೆ ಇನ್ನೊಂದು ಸಲ ಬರಬೇಕು, ಮುಂಚೆಯೇ ಪತ್ರ ಬರೆದು.

ವಾಪಸ್ ಬರುವಾಗ ನಮ್ಮ ರೈಲು ಸ್ಟೀವನೇಜಿನಲ್ಲಿ ನಿಂತಿತು. ನಾನು ಕಿಟಕಿಗೆ ಸರಿದು ಕೂತೆ. ಪ್ಲಾಟ್‌ಫಾರ್ಮು, ಮೆಟ್ಟಿಲು, ಆಚೆಗೆ ಎತ್ತರದ ಮನೆಗಳು. ಪುಟ್ಟ ಹುಡುಗನನ್ನು ತಂದೆ ತಾಯಿ ಎರಡೂ ಕೈ ಹಿಡಿದು ಎತ್ತಿ ಎತ್ತಿ ಹಾರಿಸುತ್ತಾ ನಡೆಸಿಕೊಂಡು ಹೋಗುತ್ತಿದ್ದರು. "ಅಮ್ಮ, ಶಾಲೆ ಇಲ್ಲಿಂದ ಕಾಣಲ್ಲ" ಅಂದಳು ಮಗಳು. ಗೊತ್ತಿತ್ತು. ಬಾಗಿಲು ಮುಚ್ಚುವವರೆಗೂ ನೋಡುತ್ತಲೇ ಇದ್ದೆ. ಮುಂದಿನ ಸ್ಟೇಷನ್ ಹಿಚಿನ್ ಎಂದು ಮೈಕಿನಲ್ಲಿ ಹೇಳಿದರು.